ವಿಳಾಸ ಕೊಟ್ಟರೆ ವೇಗ ಹೇಳುವ ಪುಟಗಳು: ಎಷ್ಟು ನಂಬಬಹುದು?

ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿಕೊಳ್ಳುವ ಮುನ್ನ ಸೇವಾದಾರ ಕಂಪನಿಯ ಜಾಲತಾಣದಲ್ಲಿ ವಿಳಾಸ ತುಂಬಿದರೆ, ಅಲ್ಲಿ ಎಷ್ಟು ವೇಗ ಸಿಗಬಹುದೆಂದು ಹೇಳುವ ಸೌಲಭ್ಯ ಈಗ ಸಾಮಾನ್ಯವಾಗಿದೆ. ಒಂದೇ ವಿಳಾಸವನ್ನು ಹಲವು ಕಂಪನಿಗಳ ಪುಟಗಳಲ್ಲಿ ತುಂಬಿ, ಬಂದ ಉತ್ತರಗಳನ್ನು ಹೋಲಿಸಿ ನೋಡಿದ ಮೇಲೆ ಈ ಸೌಲಭ್ಯ ನಿಜಕ್ಕೂ ಉಪಯುಕ್ತವೆಂದೇ ಹೇಳುತ್ತೇನೆ. ಆದರೆ ಅಲ್ಲಿ ದಪ್ಪಕ್ಷರದಲ್ಲಿ ಕಾಣುವ ‘100 ಎಂಬಿಪಿಎಸ್‌ವರೆಗೆ’ (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್, ವೇಗದ ಅಳತೆ) ಎಂಬ ಸಾಲಿಗಿಂತ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ತಂತ್ರಜ್ಞಾನದ ಹೆಸರು ಮತ್ತು ಕನಿಷ್ಠ ವೇಗದ ಅಂಕಿಯೇ ಗ್ರಾಹಕರಿಗೆ ಹೆಚ್ಚು ಮುಖ್ಯ.

ಕಾರಣ ಸರಳವಾಗಿದೆ. ಮನೆಯವರೆಗೆ ಬರುವುದು ತಾಮ್ರದ ದೂರವಾಣಿ ತಂತಿಯಾದರೆ ವೇಗವನ್ನು ತೀರ್ಮಾನಿಸುವುದು ನೀವು ಕಟ್ಟುವ ಹಣವಲ್ಲ, ತಂತಿಯ ಉದ್ದ. ಹೆಚ್ಚು ವೇಗಕ್ಕೆ ಹೆಚ್ಚಿನ ಆವರ್ತನದ ಸಂಕೇತಗಳು ಬೇಕು. ಅಂಥ ಸಂಕೇತಗಳೇ ತಾಮ್ರದಲ್ಲಿ ಬೇಗ ಕ್ಷೀಣಿಸುತ್ತವೆ. ದೂರವಾಣಿ ತಂತಿಯ ಮೇಲೆಯೇ ಇಂಟರ್ನೆಟ್ ತರುವ ಎಡಿಎಸ್ಎಲ್2+ ತಂತ್ರಜ್ಞಾನದ ಗರಿಷ್ಠ ವೇಗ 24 ಎಂಬಿಪಿಎಸ್ ಆದರೂ, ದೂರವಾಣಿ ವಿನಿಮಯ ಕೇಂದ್ರದಿಂದ ನಾಲ್ಕೈದು ಕಿಲೋಮೀಟರ್ ತಂತಿ ಹಾದುಬಂದ ಮನೆಯಲ್ಲಿ ಕೆಲವೇ ಎಂಬಿಪಿಎಸ್ ಉಳಿಯುತ್ತದೆ. ಬೀದಿಯ ಪೆಟ್ಟಿಗೆಯವರೆಗೆ ಫೈಬರ್ (ಬೆಳಕಿನ ಮೂಲಕ ಸಂಕೇತ ಸಾಗಿಸುವ ಗಾಜಿನ ಎಳೆ) ತಂದು, ಅಲ್ಲಿಂದ ಮನೆಗೆ ತಾಮ್ರದ ಮೇಲೆ ಸಾಗುವ ವಿಡಿಎಸ್ಎಲ್2 ಕೆಲವು ನೂರು ಮೀಟರ್‌ಗಳೊಳಗೆ ಚೆನ್ನಾಗಿ ಓಡುತ್ತದೆ, ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ತನ್ನ ಅನುಕೂಲವನ್ನು ಬಹುಪಾಲು ಕಳೆದುಕೊಳ್ಳುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ನಕ್ಷೆಯಲ್ಲಿ ಅಳೆದ ನೇರ ದೂರವಲ್ಲ. ತಂತಿ ಎರಡು ಬೀದಿ ಸುತ್ತಿ ಬಂದಿದ್ದರೆ ಆ ಸುತ್ತೂ ಸೇರುತ್ತದೆ. ಹೀಗಾಗಿ ಪೆಟ್ಟಿಗೆಯ ಎದುರಿನ ಮನೆಗೂ ಅದೇ ಬೀದಿಯ ಕೊನೆಯ ಮನೆಗೂ ಒಂದೇ ‘ವರೆಗೆ’ ಅಂಕಿ ತೋರಿಸುವ ಪುಟವು ಎರಡನೆಯ ಮನೆಯವರಿಗೆ ಅನ್ಯಾಯ ಮಾಡುತ್ತದೆ. ಆ ತಂತಿಯ ಮೇಲೆ ನಿರೀಕ್ಷಿಸಬಹುದಾದ ಕನಿಷ್ಠ, ಗರಿಷ್ಠ ಎರಡನ್ನೂ ಕೊಡುವ ಪುಟಗಳಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಮನೆಯೊಳಗಿನವರೆಗೂ ಫೈಬರ್ ಬರುವುದಾದರೆ ಈ ಚಿಂತೆ ಹೆಚ್ಚೂಕಡಿಮೆ ಇಲ್ಲ. ಒಂದೇ ಫೈಬರ್ ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ಸಾಮಾನ್ಯ ಜಿಪಾನ್ ಜಾಲದಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದುಂಟು. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ವೇಗ ಎಳೆಯುವುದು ಅಪರೂಪವಾದ್ದರಿಂದ ಇದು ಹೆದರಬೇಕಾದ ಸಂಗತಿಯಲ್ಲ. ಟಿವಿ ಕೇಬಲ್ ಮೂಲಕ ಬರುವ ಸೇವೆಯಲ್ಲಿ ಡೌನ್‌ಲೋಡ್ ಭರ್ಜರಿಯಾಗಿದ್ದರೂ ಅಪ್‌ಲೋಡ್ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಮನೆಯಿಂದ ಕೆಲಸ ಮಾಡುವವರು ಮೊದಲು ನೋಡಬೇಕಾದ ಈ ಅಪ್‌ಲೋಡ್ ಅಂಕಿಯನ್ನು ಹಲವು ಪುಟಗಳು ಇನ್ನೊಂದು ಕ್ಲಿಕ್‌ನ ಹಿಂದೆ ಇಟ್ಟಿರುವುದು ನನಗೆ ಸರಿಕಾಣಲಿಲ್ಲ.

ದೊಡ್ಡ ದೂರು ‘ಫೈಬರ್’ ಎಂಬ ಮಾತಿನ ಬಳಕೆಯ ಬಗ್ಗೆ. ಬೀದಿಯ ಪೆಟ್ಟಿಗೆಯವರೆಗೆ ಮಾತ್ರ ಬರುವ ಫೈಬರನ್ನೂ ಮನೆಯೊಳಗೆ ಬರುವ ಫೈಬರನ್ನೂ ಕೆಲವು ಪುಟಗಳು ಒಂದೇ ಹೆಸರಿನಲ್ಲಿ ಮಾರುತ್ತವೆ. ಇದನ್ನು ಬಿಡಿಸಿಕೊಳ್ಳಲು ನೇರ ದಾರಿಯೆಂದರೆ, ಗೋಡೆಯ ಮೇಲೆ ಕೂರಿಸುವ ಪೆಟ್ಟಿಗೆಗೆ ಬರುವುದು ಗಾಜಿನ ಎಳೆಯೋ ತಾಮ್ರದ ತಂತಿಯೋ ಎಂದು ಕಂಪನಿಯವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು. ಅಂಚೆ ಸಂಕೇತವನ್ನಷ್ಟೇ ಕೇಳಿ ‘ಲಭ್ಯವಿದೆ’ ಎನ್ನುವ ಪುಟಗಳ ಮಾತು ಆ ಪ್ರದೇಶಕ್ಕೆ ಅನ್ವಯಿಸಬಹುದು, ನಿಮ್ಮ ಬಾಗಿಲಿಗಲ್ಲ. ಬಹುಮಹಡಿ ಕಟ್ಟಡಗಳಲ್ಲಂತೂ ಫೈಬರ್ ನೆಲಮಹಡಿಯವರೆಗೆ ಬಂದಿದ್ದು, ಮೇಲಕ್ಕೆ ಎಳೆಯಲು ಮಾಲೀಕರ ಅನುಮತಿ ಇಲ್ಲದೆ ನಿಂತುಹೋಗಿರಬಹುದು. ಮನೆಯ ಸಂಖ್ಯೆ, ಮಹಡಿ ಎರಡನ್ನೂ ಕೇಳುವ ಪುಟಗಳ ಉತ್ತರವೇ ಹೆಚ್ಚು ಭರವಸೆಯದು.

ಸಂಪರ್ಕ ಬಂದ ದಿನವೇ ವೇಗವನ್ನು ಪರೀಕ್ಷಿಸಬೇಕು; ಅದೂ ವೈಫೈ ಮೇಲಲ್ಲ, ರೂಟರ್‌ಗೆ ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ. 300 ಎಂಬಿಪಿಎಸ್ ಪ್ಲಾನಿನಲ್ಲಿ ಪರೀಕ್ಷೆ ಪ್ರತಿಬಾರಿಯೂ 94ರ ಆಸುಪಾಸಿನಲ್ಲೇ ನಿಲ್ಲುತ್ತಿದ್ದರೆ ಕಂಪನಿಯನ್ನು ದೂರುವ ಮುನ್ನ ಕೇಬಲ್ ಮತ್ತು ಪೋರ್ಟ್ ನೋಡಿ: 100 ಮೆಗಾಬಿಟ್‌ನ ಹಳೆಯ ಪೋರ್ಟ್ ಅಥವಾ ಒಳಗೆ ಒಂದೆರಡು ಎಳೆ ತುಂಡಾದ ಕೇಬಲ್ ಇದ್ದಾಗ ಬರುವ ಅಂಕಿ ಅದೇ. ಫೈಲ್ ಇಳಿಸುವಾಗ ತೆರೆಯ ಮೇಲೆ ಕಾಣುವುದು ಸಾಮಾನ್ಯವಾಗಿ ಮೆಗಾಬೈಟ್, ಪ್ಲಾನಿನಲ್ಲಿರುವುದು ಮೆಗಾಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಎಂಟರಿಂದ ಭಾಗಿಸಿದರೆ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಇವನ್ನೆಲ್ಲ ಸರಿಪಡಿಸಿದ ಮೇಲೂ, ಹಗಲು ಮತ್ತು ರಾತ್ರಿ ಎರಡೂ ಹೊತ್ತಿನಲ್ಲಿ ವೇಗವು ಪುಟ ಹೇಳಿದ ಕನಿಷ್ಠಕ್ಕಿಂತ ಕಡಿಮೆಯಿದ್ದರೆ ದೂರು ಕೊಡಲು ಹಿಂಜರಿಯಬೇಡಿ. ಅರ್ಜಿ ಹಾಕಿದ ದಿನ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದರೆ, ದೂರಿನ ಜೊತೆ ಲಗತ್ತಿಸಲು ಅದಕ್ಕಿಂತ ಗಟ್ಟಿ ದಾಖಲೆ ಬೇರೆ ಸಿಗುವುದಿಲ್ಲ.