ಹೆತ್ತವರಿಗೆ ಶುಗರ್ ಇದ್ದರೆ ಮಕ್ಕಳಿಗೆ ಯಾವ ಪರೀಕ್ಷೆ?

‘ನಮ್ಮ ವಂಶದಲ್ಲೇ ಶುಗರ್ ಇದೆ’ ಅನ್ನುವುದು ಹಾಸನದ ಕಡೆ ಮುದ್ದೆಯಷ್ಟೇ ಮಾಮೂಲು. ಯಾವ ಶುಗರ್ ಅಂತ ಮೊದಲು ಕೇಳಿ.

ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಿಯೇ ನಿಂತುಹೋಗುವ ಬಗೆ) ಅಪ್ಪನಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು 17ರಲ್ಲಿ 1. ಅಮ್ಮನಿಗಿದ್ದರೆ ಇನ್ನೂ ಕಡಿಮೆ. ಇಲ್ಲಿ ವರ್ಷಕ್ಕೊಮ್ಮೆ ರಕ್ತ ಕೊಡುವುದಕ್ಕಿಂತ ಲಕ್ಷಣ ಗಮನಿಸುವುದು ಮುಖ್ಯ: ವಿಪರೀತ ಬಾಯಾರಿಕೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರು, ತೂಕ ಇಳಿತ. ಕಂಡರೆ ಅಂದೇ ಪರೀಕ್ಷೆ.

ಟೈಪ್ 2ರಲ್ಲಿ (ಇನ್ಸುಲಿನ್ ಇದ್ದರೂ ಸರಿಯಾಗಿ ಕೆಲಸ ಮಾಡದ ಬಗೆ) ವಂಶದ ನಂಟು ಇನ್ನೂ ಗಟ್ಟಿ: ಒಬ್ಬರಿಗಿದ್ದರೆ ಸುಮಾರು 40%, ಇಬ್ಬರಿಗೂ ಇದ್ದರೆ 70%. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಪರೀಕ್ಷೆಗೆ ವಯಸ್ಸು ಮೂವತ್ತಾಗಲಿ ಅಂತ ಕಾಯಬೇಡಿ.

ಫಾಸ್ಟಿಂಗ್ (ಖಾಲಿ ಹೊಟ್ಟೆಯ ರಕ್ತದ ಸಕ್ಕರೆ) ಪರೀಕ್ಷೆ ಅಗ್ಗ, 8 ಗಂಟೆ ಉಪವಾಸ ಬೇಕು. ಚಿಕ್ಕಮಗಳೂರಿನವರು ಎಡವುವುದು ಇಲ್ಲೇ, ‘ಅರ್ಧ ಲೋಟ ಕಾಫಿ ಅಷ್ಟೇ’ ಎಂದು! 100ರಿಂದ 125 (ಮಿ.ಗ್ರಾಂ/ಡೆ.ಲೀ.) ಗಡಿರೇಖೆ, 126 ಮುಟ್ಟಿದರೆ ಮಧುಮೇಹ; ಲಕ್ಷಣವಿಲ್ಲದಿದ್ದರೆ ಮತ್ತೊಮ್ಮೆ ಖಚಿತಪಡಿಸಬೇಕು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡ, 6.5% ಮುಟ್ಟಿದರೆ ಮಧುಮೇಹ. ಆದರೆ ಕಬ್ಬಿಣಾಂಶ ಕೊರತೆಯ ರಕ್ತಹೀನತೆಯಲ್ಲಿ ಅದು ಸುಳ್ಳೇ ಏರುತ್ತದೆ; ಮುಟ್ಟಿನ ಸ್ರಾವ ಹೆಚ್ಚಿರುವ ಹೆಂಗಸರು ಹಿಮೋಗ್ಲೋಬಿನ್ ಕೂಡ ನೋಡಿಸಲಿ. ಈ ಎರಡು ಪರೀಕ್ಷೆಗಳ ಫಲಿತಾಂಶ ಒಂದಕ್ಕೊಂದು ಹೊಂದದಿದ್ದರೆ 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಯ ಪರೀಕ್ಷೆಯೇ ನಮ್ಮ ಆಯ್ಕೆ.

ಅಜ್ಜ, ಅಪ್ಪ, ಮಗ ಮೂವರಿಗೂ 25ರೊಳಗೇ, ಸಣಕಲು ಮೈಯಲ್ಲೇ ಬಂದಿದ್ದರೆ ‘ಮೋಡಿ’ (MODY, ಎಳೆಯ ವಯಸ್ಸಿನಲ್ಲೇ ಬರುವ ವಂಶಪಾರಂಪರ್ಯ ಮಧುಮೇಹ) ಇರಬಹುದು. ಒಂದೇ ಜೀನ್‌ನ ದೋಷ, ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ 50%. ಜೀನ್ ಪರೀಕ್ಷೆ ದುಬಾರಿ, ಆದರೂ ಇಲ್ಲಿ ಸಾರ್ಥಕ: ಕೆಲವು ಬಗೆಗಳಲ್ಲಿ ಇನ್ಸುಲಿನ್ ಬದಲು ಮಾತ್ರೆಯೇ ಸಾಕಾಗುತ್ತದೆ.