ಟ್ರೇಲರಿನ ಸ್ಟೆಪ್ನಿ ಸ್ಟ್ಯಾಂಡು: ಹದಿನಾಲ್ಕು ತಿಂಗಳು, ಮೂರು ಸಲ ಕರಿಕೆ ಘಾಟಿ

ಮಡಿಕೇರಿಯಿಂದ ಭಾಗಮಂಡಲಕ್ಕೆ ಬರುವ ರಸ್ತೆಯ ಪಕ್ಕ, ತಗಡಿನ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ಮೇಸ್ತ್ರಿಯೊಬ್ಬರಿದ್ದಾರೆ. ಬೋರ್ಡು ಇಲ್ಲ. ಹೋದ ವರ್ಷಕ್ಕೆ ಹಿಂದಿನ ಡಿಸೆಂಬರಿನಲ್ಲಿ ಅವರು ನನ್ನ ಟ್ರೇಲರಿನ ಎರಡೂ ಹಬ್ (ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಗುಂಬ) ಬದಲಿಸಿ, ಜೀಪಿಗೆ ಸಿಕ್ಕಿಸುವ ಮೂಕಿಯ ಮೇಲೆ ಸ್ಟೆಪ್ನಿ ಇಡುವ ಸ್ಟ್ಯಾಂಡು ಕಟ್ಟಿಕೊಟ್ಟರು. ಆಮೇಲೆ ಮೂರು ಸಲ, ಭಾಗಮಂಡಲದಿಂದ ಕೆಳಗಿಳಿಯುವ ಕರಿಕೆ ಘಾಟಿಯಲ್ಲಿ ಅದನ್ನು ಎಳೆದಿದ್ದೇನೆ. ಜೀಪಿಗೆ ಟ್ರೇಲರ್ ಕಟ್ಟುವ ನಾಲ್ಕಾರು ಮಂದಿ ಕೇಳಿದ್ದರಿಂದ ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ. (ಜೀಪು ಅಂದರೆ ಬೊಲೆರೊ. ನಮ್ಮ ಕಡೆ ನಾಲ್ಕು ಚಕ್ರದ ಮೇಲೆ ಚೌಕಾಕಾರವಾಗಿ ಕಂಡಿದ್ದೆಲ್ಲ ಜೀಪೇ. ಟ್ರೇಲರಿಗೆ ಆರ್‌ಸಿ ಉಂಟು, ಅದನ್ನು ಕೇಳಬೇಡಿ.)

ನನ್ನದು ಜೇನು. ಕಾಫಿ, ಮೆಣಸು ಇದ್ದೇ ಇದೆ, ಆದರೆ ಟ್ರೇಲರ್ ಓಡುವುದು ಜೇನಿಗಾಗಿ. ಜನವರಿಯಲ್ಲಿ ಘಟ್ಟದ ಕೆಳಗೆ ರಬ್ಬರ್ ಮರಗಳು ಎಲೆ ಉದುರಿಸಿ ಚಿಗುರುತ್ತವೆ. ಮೂರು ಎಲೆ ಕೂಡುವ ತೊಟ್ಟಿನ ತುದಿಯಲ್ಲಿ ಮಕರಂದ ಒಸರುತ್ತದೆ, ಹೂವೇ ಬೇಕಾಗಿಲ್ಲ. ಆಗ ನಲವತ್ತು ಪೆಟ್ಟಿಗೆ ತುಡುವೆ ಜೇನನ್ನು ಸುಳ್ಯದ ಕಡೆ ಇಳಿಸುತ್ತೇನೆ. ಮಾರ್ಚಿನಲ್ಲಿ ಹೂಮಳೆ ಬಿದ್ದು ರೋಬಸ್ಟಾ ಅರಳುವ ಹೊತ್ತಿಗೆ ವಾಪಸ್ ತರುತ್ತೇನೆ. ಸಂಜೆ ಹುಳುಗಳೆಲ್ಲ ಗೂಡಿಗೆ ಬಂದ ಮೇಲೆ ಬಾಗಿಲು ಮುಚ್ಚಿ, ಒಳಗಿನ ಎರಿಯ ಚೌಕಟ್ಟುಗಳು ಗಾಡಿ ಓಡುವ ದಿಕ್ಕಿಗೇ ಇರುವಂತೆ ಜೋಡಿಸಿ, ರಾತ್ರಿ ಹತ್ತಕ್ಕೆ ಹೊರಟರೆ ಬಿಸಿಲೇರುವ ಮೊದಲು ಬಾಗಿಲು ತೆರೆಯಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಸೆಕೆ ಏರಿದರೆ ಹುಳು ಗಾಬರಿಯಾಗುತ್ತದೆ, ಗಾಬರಿಯಾದಷ್ಟೂ ಸೆಕೆ ಇನ್ನೂ ಏರುತ್ತದೆ, ಎರಿ ಮೆತ್ತಗಾಗಿ ಕಳಚಿ ಬೀಳುತ್ತದೆ, ಹುಳು ತನ್ನ ಜೇನಿನಲ್ಲೇ ಮುಳುಗಿ ಸಾಯುತ್ತದೆ. ಅಂಥ ಸರಕು ಹೇರಿಕೊಂಡು ನಿಂತ ಗಾಡಿಯಲ್ಲಿ ಟೈರಿನ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಕಾಣುವುದಿಲ್ಲ.

ಹಬ್ ಬದಲಿಸುವ ಹನ್ನೊಂದು ತಿಂಗಳ ಹಿಂದೆ, ಜನವರಿಯ ಒಂದು ರಾತ್ರಿ ಹನ್ನೊಂದೂವರೆಗೆ, ಭಾಗಮಂಡಲ ಬಿಟ್ಟು ಕರಿಕೆ ಕಡೆ ಇಳಿಯುವಾಗ ಟ್ರೇಲರಿನ ಎಡ ಟೈರು ಹೋಯಿತು. ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಜೀಪಿನ ಟೈರು ಹೋದರೆ ಸ್ಟೇರಿಂಗ್ ಹೇಳುತ್ತದೆ, ಟ್ರೇಲರಿನದು ಹೇಳುವುದಿಲ್ಲ, ಸುಮ್ಮನೆ ಹಿಂದೆ ಎಳೆದುಕೊಂಡು ಬರುತ್ತದೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ, "ಮಾವ, ಏನೋ ಸುಟ್ಟ ವಾಸನೆ" ಅಂದ ಮೇಲೆ ನಿಲ್ಲಿಸಿದೆ. ಟೈರಿನ ಪಕ್ಕೆ ಕಲ್ಲಿಗೆ ಕೊಯ್ದು, ಉಳಿದದ್ದು ರಿಮ್ಮಿಗೆ ಸುತ್ತಿಕೊಂಡಿತ್ತು. ಜೀಪಿನ ಹಿಂಬಾಗಿಲಲ್ಲಿ ಒಳ್ಳೆಯ ಸ್ಟೆಪ್ನಿ ಇತ್ತು. ಜಾಕಿ ಇತ್ತು, ಸ್ಪ್ಯಾನರ್ ಇತ್ತು, ಟಾರ್ಚೂ ಇತ್ತು. ಆದರೆ ಜೀಪಿನ ಚಕ್ರಕ್ಕೆ ಐದು ತೂತು, ಟ್ರೇಲರಿನ ಹಬ್ಬಿಗೆ ನಾಲ್ಕು ಬೋಲ್ಟು. ಟ್ರೇಲರ್ ಕಟ್ಟಿಸುವಾಗ ಯಾವುದೋ ಹಳೇ ಕಾರಿನ ಹಬ್ ಅಗ್ಗಕ್ಕೆ ಸಿಕ್ಕಿತ್ತೆಂದು ಹಾಕಿಸಿದ್ದು ನಾನೇ.

ಅಲ್ಲಿ ಫೋನಿಗೆ ಗೆರೆ ಬರುವುದಿಲ್ಲ. ಆನೆ ಬರುತ್ತದೆ. ನಾಲ್ಕು ಗಂಟೆಗೆ ಕೆಳಗಿಂದ ಮೀನಿನ ಗಾಡಿ ಹತ್ತಿ ಬಂತು. ಹುಡುಗನನ್ನು ಅದರಲ್ಲಿ ಕಳಿಸಿ ನಾನು ಉಳಿದೆ. ಯಾರದೋ ಹಳೇ ಕಾರಿನ ಚಕ್ರ ಸಾಲ ತಂದು ಅವನು ಮುಟ್ಟುವಾಗ ಒಂಬತ್ತೂವರೆ. ಗೋಣಿ ನೆನೆಸಿ ಪೆಟ್ಟಿಗೆಗಳ ಮೇಲೆ ಹೊದಿಸಿದ್ದೆ. ಆದರೂ ಮೂರು ಕುಟುಂಬ ಸತ್ತವು. ಸತ್ತ ಪೆಟ್ಟಿಗೆ ತೆರೆದರೆ ಬರುವ ಆ ಹುಳಿ ವಾಸನೆ ಇವತ್ತಿಗೂ ಮೂಗಿನಲ್ಲಿದೆ.

ಹೋದ ಟೈರು ರಿಸೋಲ್ ಮಾಲು, ಹಳೇ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದು. "ಹೊಸದರ ಹಾಗೇ ಉಂಟು" ಎಂದು ಕೊಟ್ಟ ಅಂಗಡಿಯ ಹೆಸರೂ ಬೇಡ, ಊರೂ ಬೇಡ. ಪಕ್ಕೆಯ ಮೇಲೆ ಡಿಓಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನನ್ನದರಲ್ಲಿ 1411 ಇತ್ತು. ಅಂದರೆ 2011ರ ಹದಿನಾಲ್ಕನೇ ವಾರದ ಮೈಗೆ ಹೊಸ ಅಂಗಾಲು. ಟೈರಿನ ಗೀರು ಆಳವಿದೆ ಎಂದು ನೋಡಿ ದುಡ್ಡು ಕೊಟ್ಟವನು ನಾನು, ಅಂಕಿ ಓದಲಿಲ್ಲ. ಟ್ರೇಲರಿನ ಟೈರು ಸವೆಯುವುದು ಕಡಿಮೆ, ವರ್ಷದಲ್ಲಿ ಹತ್ತು ತಿಂಗಳು ಬಿಸಿಲಿಗೂ ಮಳೆಗೂ ನಿಂತೇ ಹಳತಾಗುತ್ತದೆ.

ನನ್ನ ಭಾವಮೈದ ಪರ್ತ್‌ನಲ್ಲಿದ್ದಾನೆ. ಅಲ್ಲಿ ಅವನ ಹುಚ್ಚು, ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು ಉತ್ತರಕ್ಕೆ ಹೋಗುವುದು. ಡರ್ಬಿ ಎಂಬ ಊರಿಂದ ಹೊರಡುವ ಗಿಬ್ ರಿವರ್ ರೋಡಿನಲ್ಲಿ ಹೋಗಿ ಬಂದಿದ್ದಾನೆ. ದನ ಸಾಗಿಸುವುದಕ್ಕೆಂದು ಮಾಡಿದ ರಸ್ತೆಯಂತೆ. ಸುಮಾರು 660 ಕಿಲೋಮೀಟರ್, ಬಹುಪಾಲು ಜಲ್ಲಿ ಮತ್ತು ಕೆಂಪು ಧೂಳು, ಮಳೆಗಾಲದಲ್ಲಿ ಬಂದ್. ಕೊನೆಯಲ್ಲಿ ದಾಟುವ ಪೆಂಟಿಕೋಸ್ಟ್ ಎಂಬ ಹೊಳೆಯಲ್ಲಿ ಮೊಸಳೆ, ಹಾಗಾಗಿ ಆಳ ನೋಡಲು ಯಾರೂ ಇಳಿದು ನಡೆಯುವುದಿಲ್ಲ. ನಮ್ಮ ಮೂರು ಪೆಟ್ಟಿಗೆ ಸತ್ತ ಕಥೆ ಕೇಳಿ ಅವನು ಕೇಳಿದ್ದು ಒಂದೇ: "ಭಾವ, ಎರಡಕ್ಕೂ ಚಕ್ರ ಒಂದೇ ಅಲ್ವಾ?" ಅಲ್ಲಿ ಟ್ರೇಲರ್ ಕೊಳ್ಳುವಾಗಲೇ ಬೋಲ್ಟಿನ ಲೆಕ್ಕ, ಬೋಲ್ಟು ಕೂತ ವೃತ್ತದ ಅಳತೆ, ಟೈರಿನ ಸೈಜು ಎಲ್ಲ ಗಾಡಿಯದ್ದೇ ಇರುವಂತೆ ನೋಡುತ್ತಾರಂತೆ. ಎರಡು ಸ್ಟೆಪ್ನಿ ಒಯ್ದರೆ ಅವು ಆರೂ ಚಕ್ರಕ್ಕೆ ಆಗಬೇಕು. ಇಲ್ಲದಿದ್ದರೆ ಗಾಡಿಗೆ ಎರಡು, ಟ್ರೇಲರಿಗೆ ಎರಡು, ಒಟ್ಟು ನಾಲ್ಕು ಹೊರಬೇಕು.

ಸ್ಟೆಪ್ನಿ ಅಂದರೆ ಅವನ ಅಲ್ಲಿನ ಗೆಳೆಯರಿಗೆ ಅರ್ಥವೇ ಆಗುವುದಿಲ್ಲವಂತೆ. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ 1904ರಲ್ಲಿ ಹುಟ್ಟಿದ ಹೆಚ್ಚುವರಿ ಚಕ್ರದ ಕಂಪನಿಯ ಹೆಸರದು. ಹೆಸರು ಬಂದು ಗಟ್ಟಿಯಾಗಿ ನಿಂತಿದ್ದು ನಮ್ಮಲ್ಲಿ.

ಇನ್ನು ಮೇಸ್ತ್ರಿಯ ಕೆಲಸಕ್ಕೆ ಬರುತ್ತೇನೆ. ಬೊಲೆರೊದ್ದೇ ಹಳೇ ಹಬ್ ಎರಡು ಹುಡುಕಿ, ಬೇರಿಂಗ್ ಹೊಸದು ಹಾಕಿ, ಆಕ್ಸಲ್ ತುದಿಗೆ ಕೂರಿಸಿದ್ದಕ್ಕೆ 6,500 ರೂಪಾಯಿ. ರಿಮ್ ತಲಾ 1,400. ಸ್ಟ್ಯಾಂಡಿಗೆ 3,800. ಟೈರು ಬೇರೆ: 215/75 ಆರ್15, ಜೀಪಿನದ್ದೇ ಸೈಜು, ಈ ಸಲ ಹೊಸದು, ಅಂಕಿ ಓದಿ ತಂದದ್ದು. ಹಬ್ಬಿನ ಕೆಲಸಕ್ಕೆ ಪೂರ್ತಿ ಅಂಕ. ಮೂರು ಸಲ ಹೋಗಿ ಬಂದ ಮೇಲೆ ಚಕ್ರ ಎತ್ತಿ ಅಲ್ಲಾಡಿಸಿ ನೋಡಿದೆ, ಆಟವೇ ಇಲ್ಲ, ಗ್ರೀಸೂ ಸೋರಿಲ್ಲ.

ಸ್ಟ್ಯಾಂಡಿನ ಕಥೆ ಬೇರೆ. ನಾನು ಹೇಳಿದಂತೆ ಮೊದಲು ಅದನ್ನು ಟ್ರೇಲರಿನ ಹಿಂಭಾಗಕ್ಕೆ ಕಟ್ಟಿದರು. ಕಾಫಿ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದ್ದೆ, ರಿಮ್ ಸಮೇತ ಒಂದು ಚಕ್ರ 22 ಕೆಜಿ. ಅಷ್ಟೇ ತಾನೆ ಅಂದುಕೊಂಡೆ. ಖಾಲಿ ಟ್ರೇಲರ್ ಎಳೆದುಕೊಂಡು ನಲವತ್ತೈದರ ವೇಗಕ್ಕೆ ಬಂದಾಗ ಹಿಂದಿನಿಂದ ಯಾರೋ ಹಿಡಿದು ಆಚೀಚೆ ಜಗ್ಗಿದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ನಾಯಿ ಬಾಲದಂತೆ ಆಡುತ್ತಿದೆ. ಬ್ರೇಕ್ ಹಾಕದೆ ಕಾಲು ಮಾತ್ರ ಎತ್ತಿ ನಿಧಾನ ಮಾಡಿ, ಹಾಗೇ ತಿರುಗಿಸಿಕೊಂಡು ಶೆಡ್ಡಿಗೆ ಹೋದೆ. ಮೇಸ್ತ್ರಿ ನಕ್ಕರು. "ಗೌಡ್ರೆ, ಎತ್ತಿನ ಗಾಡಿ ಹೊಡ್ದವ್ರು ನೀವು. ಹಿಂದೆ ಭಾರ ಹಾಕಿದ್ರೆ ಮೂಕಿ ಮೇಲೆ ಏಳ್ತದೆ ಅಂತ ನಾನು ಹೇಳ್ಬೇಕಾ?" ಹಾಗಾದರೆ ಕಟ್ಟುವಾಗಲೇ ಹೇಳಬಹುದಿತ್ತಲ್ಲ ಮಾರಾಯ್ರೆ ಅಂದೆ. "ಹೇಳಿದ್ರೆ ಕೇಳ್ತಿದ್ರಾ?" ಅಂದರು. ಕೇಳುತ್ತಿರಲಿಲ್ಲ. ಕಿತ್ತು ಮೂಕಿಯ ಮೇಲೆ ಕೂರಿಸಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮೂಕಿಯ ಮೇಲೆ ಬಂದ ಮೇಲೆ ಓಟ ಸರಿಯಾಯಿತು. ಒಟ್ಟು ಭಾರದ ಹತ್ತನೇ ಒಂದು ಪಾಲು ಹುಕ್ಕಿನ ಮೇಲೆ ಕೂರಬೇಕು ಎಂಬುದು ಭಾವಮೈದನ ಲೆಕ್ಕ. ನನ್ನ ನಲವತ್ತು ಪೆಟ್ಟಿಗೆ, ಟ್ರೇಲರಿನ ಮೈ ಎಲ್ಲ ಸೇರಿ ಏಳುನೂರು ಚಿಲ್ಲರೆ ಕೆಜಿ. ತಕ್ಕಡಿಯನ್ನು ಹುಕ್ಕಿನ ಕೆಳಗಿಟ್ಟು ನೋಡಿದಾಗ 78 ಬಂತು. ಅಲ್ಲಿಗೆ ಬಿಟ್ಟೆ.

ಆದರೆ ಒಂದು ದೊಡ್ಡ ಕೊರತೆ ಉಳಿಯಿತು, ಮೇಸ್ತ್ರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಜೀಪಿನ ಸ್ಟೆಪ್ನಿ ಹಿಂಬಾಗಿಲಲ್ಲಿ, ಟ್ರೇಲರಿನದು ಮೂಕಿಯಲ್ಲಿ. ನೇರ ರಸ್ತೆಯಲ್ಲಿ ಎರಡರ ನಡುವೆ ಮೊಣಕೈ ಉದ್ದ ಜಾಗ. ಕರಿಕೆಯ ಹೇರ್‌ಪಿನ್ ತಿರುವಿನಲ್ಲಿ, ಎದುರು ಬಸ್ಸು ಬಂದು ಹಿಮ್ಮುಖ ಹೋಗಬೇಕಾದಾಗ, ಜೀಪಿನ ಬಂಪರಿನ ಮೂಲೆ ಹೋಗಿ ಸ್ಟ್ಯಾಂಡಿಗೆ ಕಿರ್ರೆಂದು ತಾಗಿತು. ಬಂಪರ್ ಒಂದು ಕಡೆ ಒಳಗೆ ಹೋಗಿದೆ, ಇವತ್ತಿಗೂ ಹಾಗೇ ಇದೆ. ಸ್ಟ್ಯಾಂಡನ್ನು ಆರು ಇಂಚು ಹಿಂದಕ್ಕೆ ಸರಿಸಿದ ಮೇಲೆ ತಾಗುವುದಿಲ್ಲ. ನೀವು ಕಟ್ಟಿಸುವುದಾದರೆ ಜೀಪಿಗೆ ಟ್ರೇಲರ್ ಸಿಕ್ಕಿಸಿ, ಅಂಗಳದಲ್ಲಿ ಪೂರ್ತಿ ಮುರಿದು ತಿರುಗಿಸಿ, ಸೀಮೆಸುಣ್ಣದಲ್ಲಿ ಗುರುತು ಮಾಡಿದ ಮೇಲೆ ವೆಲ್ಡಿಂಗ್ ಕಡ್ಡಿ ಹಚ್ಚಲು ಬಿಡಿ.

ಎರಡನೇ ದೂರು ಮಳೆಗಾಲದ್ದು. ಚಕ್ರ ಅಂಗಾತ ಮಲಗಿದಂತೆ ಕೂರುವುದರಿಂದ ರಿಮ್ಮಿನ ಬಟ್ಟಲಲ್ಲಿ ನೀರು ನಿಂತಿತು. ಜೂನಿನಲ್ಲಿ ಹೊದಿಸಿದ ಟಾರ್ಪಾಲನ್ನು ಆಗಸ್ಟಿನಲ್ಲಿ ಎತ್ತಿದರೆ ಸೊಳ್ಳೆಮರಿ ಗಿಜಿಗುಡುತ್ತಿದ್ದವು, ಮಧ್ಯದ ಬೋಲ್ಟು ತುಕ್ಕು ಹಿಡಿದು ಕಚ್ಚಿತ್ತು. ಸೀಮೆಎಣ್ಣೆ ಹಾಕಿ ಎರಡು ದಿನ ಬಿಟ್ಟು ತೆಗೆದೆ. ಈಗ ಅಡಿಯ ತಗಡಿಗೆ ತೂತು ಕೊರೆಸಿ, ಬೋಲ್ಟಿಗೆ ಗ್ರೀಸ್ ಬಳಿದು ಮೇಲೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದೇನೆ. ಬೀಗ ಹಾಕುವ ಕಿವಿ ಕೊಟ್ಟಿದ್ದಾರೆ, ಅದು ಒಳ್ಳೆಯದು.

ಪರೀಕ್ಷೆ ಆದದ್ದು ಹೋದ ಮಾರ್ಚಿನಲ್ಲಿ, ಜೇನು ವಾಪಸ್ ತರುವಾಗ. ಕಲ್ಲಪಳ್ಳಿ, ಪಾಣತ್ತೂರು ದಾಟಿ ಘಾಟಿ ಹತ್ತುವಾಗ ರಾತ್ರಿ ಒಂದು ಗಂಟೆ ಸುಮಾರಿಗೆ ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಡಬ್ಬಿ ಕೂಗಿತು. ವಾಲ್ವಿನ ಮುಚ್ಚಳದ ಜಾಗಕ್ಕೆ ತಿರುಪುವ ಗಾಳಿ ಸೆನ್ಸರ್, ಭಾವಮೈದ ರಜೆಗೆ ಬಂದಾಗ ತಂದುಕೊಟ್ಟದ್ದು. ಟ್ರೇಲರಿನ ಬಲ ಚಕ್ರದಲ್ಲಿ 32 ಇದ್ದ ಗಾಳಿ 19ಕ್ಕೆ ಇಳಿದಿತ್ತು. ಮೊಳೆ. ಟೈರು ಇನ್ನೂ ಬಿಸಿಯಾಗಿರಲಿಲ್ಲ, ಪಕ್ಕೆ ಕೆಟ್ಟಿರಲಿಲ್ಲ, ಬೆಳಿಗ್ಗೆ ಪಂಚರ್ ಹಾಕಿಸಿ ಅದೇ ಟೈರನ್ನು ಇವತ್ತಿಗೂ ಓಡಿಸುತ್ತಿದ್ದೇನೆ. ಸ್ಟ್ರಿಪ್ ತುರುಕುವ ಪಂಚರ್ ಕಿಟ್ ಜೀಪಿನಲ್ಲೇ ಇತ್ತು, ಆದರೆ ಕತ್ತಲಲ್ಲಿ ಅದಕ್ಕೆ ಕೈ ಹಾಕಲಿಲ್ಲ. ಪಕ್ಕೆ ಕೊಯ್ದರಂತೂ ಆ ಕಿಟ್ಟಿಗೆ ಕೆಲಸವೇ ಇಲ್ಲ.

ಜೀಪಿನಿಂದ ಟ್ರೇಲರ್ ಬಿಚ್ಚದೆಯೇ, ಚಕ್ರಗಳಿಗೆ ಕಲ್ಲು ಕೊಟ್ಟು, ನೆಲದಲ್ಲಿದ್ದಾಗಲೇ ನಟ್ಟು ಸಡಿಲ ಮಾಡಿ, ಆಕ್ಸಲ್ ಅಡಿಗೆ ಜಾಕಿ ಇಟ್ಟೆ. ಜೀಪಿನ ಜಾಕಿ ಎತ್ತರ ಸಾಲುವುದಿಲ್ಲ ಎಂಬುದು ಮನೆಯಂಗಳದಲ್ಲೇ ಗೊತ್ತಾಗಿತ್ತು, ಅದಕ್ಕೆ ಸಿಲ್ವರ್ ಓಕ್ ಹಲಗೆಯ ಎರಡು ತುಂಡು ಸೀಟಿನ ಹಿಂದೆ ಸದಾ ಇರುತ್ತವೆ. ಅಕ್ಕನ ಮಗ ಟಾರ್ಚಿಗೆ ಕೆಂಪು ಕಾಗದ ಕಟ್ಟಿ ಹಿಡಿದ, ಕೆಂಪು ಬೆಳಕು ಹುಳುವಿಗೆ ಕಾಣುವುದಿಲ್ಲ. ಚಕ್ರ ಬದಲಿಸಿ ಹೊರಟಾಗ ಇಪ್ಪತ್ತೈದು ನಿಮಿಷ. ಭಾಗಮಂಡಲದಲ್ಲಿ ನಿಲ್ಲಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ, ಎರಡು ನಟ್ಟು ಕಾಲು ಸುತ್ತಿನಷ್ಟು ತಿರುಗಿದವು. ಆರು ಗಂಟೆಗೆ ತೋಟದಲ್ಲಿ ಬಾಗಿಲು ತೆರೆದೆ. ನಲವತ್ತಕ್ಕೆ ನಲವತ್ತು.

ಸೆನ್ಸರಿನ ಬಗ್ಗೆ ಒಂದು ಮಾತು: ಟ್ರೇಲರ್ ದೂರವಾದ್ದರಿಂದ ಆಗಾಗ ಸಿಗ್ನಲ್ ತಪ್ಪಿ ಸುಳ್ಳೇ ಕೂಗುತ್ತದೆ, ತಿರುವುಗಳಲ್ಲಂತೂ ಜಾಸ್ತಿ. ಹೆಂಡತಿ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದಾಳೆ. ಆದರೂ ಸ್ಟ್ಯಾಂಡು, ಸೆನ್ಸರ್ ಎರಡರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಸೆನ್ಸರ್ ಇಟ್ಟುಕೊಂಡು ಸ್ಟೆಪ್ನಿಯನ್ನು ಜೀಪಿನ ತಲೆಯ ಮೇಲೆ ಹಗ್ಗದಲ್ಲಿ ಕಟ್ಟಿಯೇನು.

ಟ್ರೇಲರಿಗೆ ಇನ್ನೂ ಒಂದು, ಒಟ್ಟು ಮೂರು ಸ್ಟೆಪ್ನಿ ಬೇಕೇ ಎಂದು ಕೆಲವರು ಕೇಳುತ್ತಾರೆ. ನಮಗೆ ಬೇಡ. ಗಿಬ್ ರೋಡಿನವರಿಗೆ ಮುಂದಿನ ಟೈರ್ ಅಂಗಡಿ ಒಂದು ಹಗಲಿನ ದೂರ, ನಮಗೆ ಬೆಳಗಾದರೆ ಭಾಗಮಂಡಲ ಇದೆ. ಆ ದುಡ್ಡಿಗೆ ಹಬ್ ಮೊದಲು ಬದಲಿಸಿ.

ಶೆಡ್ಡಿಗೆ ಹೋಗುವವರು ಕರೆಂಟ್ ಇದೆಯೇ ಎಂದು ಮೊದಲು ಫೋನ್ ಮಾಡಿ ಕೇಳಿ. ಜುಲೈನಲ್ಲಿ ನಾನು ಸ್ಟ್ಯಾಂಡು ಸರಿಸಲು ಮೂರು ಸಲ ಹೋಗಿ ಮೂರು ಸಲವೂ ಕಾಫಿ ಕುಡಿದು ವಾಪಸ್ ಬಂದೆ. ಟ್ರೇಲರ್ ಒಂದನ್ನೇ ಒಯ್ಯಬೇಡಿ, ಎಳೆಯುವ ಗಾಡಿಯನ್ನೂ ಒಯ್ಯಿರಿ. ಎಳೆಯುವ ಗಾಡಿ ಎಲ್ಲಿ ಎಂದು ಮೇಸ್ತ್ರಿ ಈಗ ತಾವೇ ಕೇಳುತ್ತಾರಂತೆ, ನನ್ನ ಬಂಪರಿನ ಕಥೆ ಹೇಳಿಕೊಂಡು.