ಮೂರು ವರ್ಷ ಬಳಸಿದ ಮೇಲೆ: ಆಟೋಹಾಟ್‌ಕೀ ಮತ್ತು ನನ್ನ ಪದ ಹುಡುಕುವ ಶಾರ್ಟ್‌ಕಟ್

ಗೊತ್ತಿಲ್ಲದ ಪದ ಬಂದಾಗಲೆಲ್ಲ ಕಾಪಿ ಮಾಡು, ಬ್ರೌಸರ್‌ಗೆ ಹೋಗು, ಪೇಸ್ಟ್ ಮಾಡು, ಎಂಟರ್ ಒತ್ತು. ಅಷ್ಟರಲ್ಲಿ ಓದುತ್ತಿದ್ದ ಸಾಲೇ ಮರೆತಿರುತ್ತದೆ. ನನ್ನದು ಅನುವಾದದ ಕೆಲಸ. ದಿನಕ್ಕೆ ಹತ್ತಾರು ಸಲ ಇದೇ ಓಡಾಟ. ಅದಕ್ಕೇ ವಿಂಡೋಸ್‌ನಲ್ಲಿ ಆಟೋಹಾಟ್‌ಕೀ ಹಾಕಿಕೊಂಡೆ. ನಾವು ಬರೆದಿಟ್ಟ ಸ್ಕ್ರಿಪ್ಟ್ (ಆದೇಶಗಳ ಸಣ್ಣ ಫೈಲ್) ನೋಡಿ, ಕೀ ಒತ್ತಿದೊಡನೆ ಆ ಕೆಲಸ ಮಾಡಿಕೊಡುವ ತಂತ್ರಾಂಶ ಇದು. ಉಚಿತ, ಓಪನ್ ಸೋರ್ಸ್.

ಈಗ ಪದ ಸೆಲೆಕ್ಟ್ ಮಾಡಿ ಕಂಟ್ರೋಲ್, ಆಲ್ಟ್ ಜೊತೆ ಜಿ ಒತ್ತಿದರೆ ಗೂಗಲ್, ಡಬ್ಲ್ಯೂ ಒತ್ತಿದರೆ ವಿಕ್ಷನರಿ ಅನ್ನುವ ಆನ್‌ಲೈನ್ ನಿಘಂಟು. ಬ್ರೌಸರ್‌ನ ರೈಟ್ ಕ್ಲಿಕ್ ಹುಡುಕಾಟ ಬ್ರೌಸರ್ ಒಳಗೆ ಮಾತ್ರ ಅಲ್ವಾ? ಇದು ವರ್ಡ್, ಪಿಡಿಎಫ್, ಮೇಲ್ ಎಲ್ಲದರಲ್ಲೂ ನಡೆಯುತ್ತದೆ. ಸ್ಕ್ಯಾನ್ ಮಾಡಿದ ಪುಟದಲ್ಲಿ ಮಾತ್ರ ಇಲ್ಲ, ಅಲ್ಲಿ ಅಕ್ಷರ ಸೆಲೆಕ್ಟ್ ಆಗುವುದೇ ಇಲ್ಲ.

ಮೊದಮೊದಲು ಪೆಟ್ಟು ತಿಂದಿದ್ದೇನೆ. ಒಮ್ಮೆ ಇಡೀ ಪ್ಯಾರಾ ಕಟ್ ಮಾಡಿಕೊಂಡು ಬೇರೆ ಫೈಲಿಗೆ ಹಾಕಲು ಹೊರಟಿದ್ದೆ. ನಡುವೆ ಒಂದು ಪದದ ಅರ್ಥ ನೋಡಿದೆ. ಪೇಸ್ಟ್ ಒತ್ತಿದರೆ ಪ್ಯಾರಾ ಇಲ್ಲ, ಆ ಒಂದೇ ಪದ! ಈ ಶಾರ್ಟ್‌ಕಟ್ ಒಳಗೊಳಗೇ ಕಂಟ್ರೋಲ್ ಸಿ ಒತ್ತುತ್ತದೆ. ಹಾಗಾಗಿ ಕ್ಲಿಪ್‌ಬೋರ್ಡ್‌ನಲ್ಲಿ (ಕಾಪಿ, ಕಟ್ ಮಾಡಿದ್ದು ಕೂರುವ ಜಾಗ) ಇದ್ದದ್ದು ಹೋಗುತ್ತದೆ. ಈಗ ಸ್ಕ್ರಿಪ್ಟ್ ಹಳೆಯದನ್ನು ತೆಗೆದಿಟ್ಟು, ಕ್ಲಿಪ್‌ಬೋರ್ಡ್ ಖಾಲಿ ಮಾಡಿ, ಹೊಸ ಪದ ಬರುವವರೆಗೆ ಕ್ಲಿಪ್‌ವೇಟ್ ಅನ್ನುವ ಆದೇಶದಿಂದ ಕಾಯ್ದು, ಕೊನೆಗೆ ಹಳೆಯದನ್ನು ವಾಪಸ್ ಇಡುತ್ತದೆ. ಖಾಲಿ ಮಾಡದಿದ್ದರೆ ಒಮ್ಮೊಮ್ಮೆ ಹಿಂದಿನ ಪದವನ್ನೇ ಹುಡುಕಿಬಿಡುತ್ತದೆ.

ಇನ್ನೊಂದು ತೊಡಕು ಚಿಹ್ನೆಗಳದ್ದು. 'ಸಿ#' ಹುಡುಕಿದರೆ ಬರೀ 'ಸಿ' ಹೋಗುತ್ತದೆ, ಏಕೆಂದರೆ ಪದ ಹೋಗುವುದು ವೆಬ್ ವಿಳಾಸದ ಒಳಗೆ ಸೇರಿ, ಆ ವಿಳಾಸದಲ್ಲಿ # ಮತ್ತು ಅದರ ನಂತರದ್ದು ಸರ್ವರ್‌ಗೆ ತಲುಪುವುದಿಲ್ಲ. & ಬಂದರೂ ಹುಡುಕುವ ಪದ ಅಲ್ಲಿಗೇ ತುಂಡಾಗುತ್ತದೆ. ಇವನ್ನು ವಿಳಾಸದಲ್ಲಿ ಬಳಸುವ ಸಂಕೇತಗಳಾದ %23, %26 ಅಂತ ಬದಲಿಸಬೇಕು. ಪಿಡಿಎಫ್‌ನಲ್ಲಿ ಎರಡು ಸಾಲು ಸೆಲೆಕ್ಟ್ ಮಾಡಿದರೆ ನಡುವಿನ ಎಂಟರ್ ತೆಗೆದು ಸ್ಪೇಸ್ ಹಾಕಬೇಕು. ಇಷ್ಟು ಮಾಡಿದ ಮೇಲೆ ನನಗೆ ತೊಂದರೆ ಆಗಿಲ್ಲ.

ಹೊಸದಾಗಿ ಶುರು ಮಾಡುವವರು ಆವೃತ್ತಿ ನೋಡಿಕೊಳ್ಳಿ. 2022ರ ಡಿಸೆಂಬರ್‌ನಲ್ಲಿ 2.0 ಬಂತು. ಅದರ ಬರೆಯುವ ಕ್ರಮವೇ ಬೇರೆ. 1.1ಕ್ಕೆ ಬರೆದ ಸ್ಕ್ರಿಪ್ಟ್ ತಂದು ಸುಮ್ನೆ ಹಾಕಿದರೆ ಎರರ್ ಬರುತ್ತದೆ. ಟರ್ಮಿನಲ್ (ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಕಿಟಕಿ) ಬಳಸುವವರು ಆ ಕಿಟಕಿಯಲ್ಲಿ ಶಾರ್ಟ್‌ಕಟ್ ಆಫ್ ಮಾಡಿಡಿ. ಅಲ್ಲಿ ಏನೂ ಸೆಲೆಕ್ಟ್ ಮಾಡದೆ ಒತ್ತಿದರೆ ಕಂಟ್ರೋಲ್ ಸಿ 'ನಿಲ್ಲಿಸು' ಅನ್ನುವ ಆದೇಶವಾಗಿ ಹೋಗಿ, ಓಡುತ್ತಿರುವ ಕೆಲಸವೇ ನಿಂತುಬಿಡಬಹುದು.

ಸೆಲೆಕ್ಟ್ ಮಾಡಿದ್ದೆಲ್ಲ ಸರ್ಚ್ ಎಂಜಿನ್‌ಗೆ ಹೋಗುತ್ತದೆ ಅನ್ನುವುದೂ ನೆನಪಿರಲಿ. ನನ್ನ ಕೈಯಲ್ಲಿ ಇನ್ನೂ ಅಚ್ಚಾಗದ ಬರಹಗಳು ಜಾಸ್ತಿ. ಅದಕ್ಕೆ ಅರವತ್ತು ಅಕ್ಷರ ದಾಟಿದರೆ ಬ್ರೌಸರ್ ತೆರೆಯಲೇಬಾರದು ಅಂತ ಒಂದು ಸಾಲು ಸೇರಿಸಿದ್ದೇನೆ.